ಮಿನಿ ಎಟಿವಿಯೂ ಮೇಕೆಮರಿಯೂ ಒಂದೇ ದಿನ: ಮೂರು ಬಗೆಯ ಜಾಗಗಳ ಹೋಲಿಕೆ

ಮಕ್ಕಳಿಗೆ ಓಡಿಸಲು ಪುಟ್ಟ ಎಟಿವಿ (ಹ್ಯಾಂಡಲ್ ಹಿಡಿದು ಮಣ್ಣಿನ ನೆಲದಲ್ಲೂ ಓಡಿಸುವ ನಾಲ್ಕು ಚಕ್ರದ ಗಾಡಿ), ಮುಟ್ಟಿ ಮೇವು ತಿನ್ನಿಸಲು ಮೇಕೆ, ಮೊಲ, ಕತ್ತೆ. ಎರಡನ್ನೂ ಒಂದೇ ದಿನದ ಸುತ್ತಾಟಕ್ಕೆ ಸೇರಿಸಬೇಕೆಂದರೆ ಇರುವ ದಾರಿ ಮೂರು. ಒಂದು, ಆಟದ ಪಾರ್ಕು. ಅಲ್ಲಿ ಟ್ರ್ಯಾಕೇ ಮುಖ್ಯ, ಪಕ್ಕದಲ್ಲಿ ಬೇಲಿ ಹಾಕಿ ಒಂದಷ್ಟು ಪ್ರಾಣಿಗಳನ್ನು ಇಟ್ಟಿರುತ್ತಾರೆ. ಎರಡು, ನಿಜವಾಗಿ ಪ್ರಾಣಿ ಸಾಕುವ ಫಾರ್ಮು. ಅಲ್ಲಿ ಹೊಲದ ಒಂದು ತುದಿಯಲ್ಲಿ ಮಕ್ಕಳಿಗೆಂದು ಸಣ್ಣ ಟ್ರ್ಯಾಕ್ ಮಾಡಿರುತ್ತಾರೆ. ಮೂರು, ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ. ನಾವು ಮೂರನ್ನೂ ಮಾಡಿ ನೋಡಿದ್ದೇವೆ. ಜೊತೆಗಿದ್ದವರು ಹತ್ತು ವರ್ಷದ ಮಗಳು, ಆರು ತುಂಬಿದ ಮಗ, ಮೂರೂವರೆ ವರ್ಷದ ನನ್ನ ತಂಗಿಯ ಮಗಳು. ನನ್ನ ಆಯ್ಕೆ ಎರಡನೆಯದು, ಅದೂ ಟ್ರ್ಯಾಕಿನಲ್ಲಿ ಬ್ಯಾಟರಿ ಎಟಿವಿ ಇದ್ದರೆ ಮಾತ್ರ.

ಪಾರ್ಕು ಮಕ್ಕಳ ಕಣ್ಣಿಗೆ ಹಬ್ಬ. ಟೈರುಗಳ ಗೋಡೆ, ಬಣ್ಣದ ಬಾವುಟ, ಸಾಲಾಗಿ ನಿಂತ ಕೆಂಪು, ನೀಲಿ ಯಂತ್ರಗಳು. ಎಲ್ಲವೂ ಒಂದೇ ಆವರಣದಲ್ಲಿರುವುದರಿಂದ ದೊಡ್ಡವರಿಗೂ ಸಲೀಸು. ಒಬ್ಬರು ಟ್ರ್ಯಾಕಿನ ಹತ್ತಿರ ನಿಂತರೆ ಇನ್ನೊಬ್ಬರು ಚಿಕ್ಕವಳನ್ನು ಪ್ರಾಣಿಗಳ ಕಡೆ ಕರೆದೊಯ್ಯಬಹುದು, ಕೂಗಿದರೆ ಕೇಳುತ್ತದೆ. ಆದರೆ ಈ ಹತ್ತಿರವೇ ಅದರ ದೊಡ್ಡ ದೋಷ. ನಾವು ಹೋದ ಕಡೆ ಟ್ರ್ಯಾಕಿನ ತಿರುವಿಗೂ ಕುರಿ ಮೇಕೆಗಳ ದೊಡ್ಡಿಗೂ ನಡುವೆ ಇದ್ದದ್ದು ಒಂದು ಜಾಲರಿ ಬೇಲಿ ಮತ್ತು ಕೆಲವೇ ಹೆಜ್ಜೆ ಜಾಗ. ಪೆಟ್ರೋಲ್ ಯಂತ್ರ ತಿರುವಿಗೆ ಬಂದು ಮತ್ತೆ ವೇಗ ಏರಿಸಿದಾಗಲೆಲ್ಲ ಕುರಿಗಳು ತಲೆಯೆತ್ತಿ ದೂರದ ಮೂಲೆಗೆ ಒತ್ತಿಕೊಂಡು ನಿಲ್ಲುತ್ತಿದ್ದವು. ಮಗ ಕೈಯಲ್ಲಿ ಸೊಪ್ಪು ಹಿಡಿದು ಬೇಲಿಯ ಹತ್ತಿರ ಕಾದ. ಒಂದು ಮರಿ ಧೈರ್ಯ ಮಾಡಿ ಮುಂದೆ ಬಂತು, ಅಷ್ಟರಲ್ಲಿ ಎಂಜಿನ್ ಗುರ್ರೆಂದಿತು, ಮರಿ ಓಡಿತು. ಹೀಗೇ ನಡೆಯಿತು. ಸೊಪ್ಪು ಬಾಡಿತು, ಮರಿ ಬರಲೇ ಇಲ್ಲ.

ಕುರಿ, ಮೇಕೆ, ಮೊಲ ಇವೆಲ್ಲ ಬೇಟೆಗೆ ತುತ್ತಾಗುವ ಪ್ರಾಣಿಗಳ ವಂಶ. ಕಣ್ಣು ಮುಖದ ಎರಡು ಪಕ್ಕಕ್ಕಿವೆ, ಕಿವಿ ಸದಾ ತಿರುಗುತ್ತಿರುತ್ತದೆ, ಅಪಾಯಕ್ಕೆ ಅವುಗಳ ಉತ್ತರ ಹೆಚ್ಚಾಗಿ ಓಟ, ಇಲ್ಲವೇ ಅಲ್ಲಾಡದೆ ಮುದುರಿಕೊಳ್ಳುವುದು. ಜಾನುವಾರುಗಳ ವರ್ತನೆಯನ್ನು ದಶಕಗಳಿಂದ ಅಭ್ಯಾಸ ಮಾಡಿರುವ ಟೆಂಪಲ್ ಗ್ರ್ಯಾಂಡಿನ್ ಒತ್ತಿ ಹೇಳುವ ವಿಷಯವೊಂದಿದೆ: ಪ್ರತಿ ಪ್ರಾಣಿಯ ಸುತ್ತ ಒಂದು ಅಂತರವಿರುತ್ತದೆ, ಅದರೊಳಗೆ ಯಾರಾದರೂ ಕಾಲಿಟ್ಟರೆ ಅದು ಸರಿದುಹೋಗುತ್ತದೆ. ಪಳಗಿದಷ್ಟೂ ಆ ಅಂತರ ಕಡಿಮೆ, ಗಾಬರಿಯಾದರೆ ಹೆಚ್ಚು. ದಿನವೆಲ್ಲ ಎಂಜಿನ್ ಕೇಳುವ ಪ್ರಾಣಿಗಳು ಒಂದು ಮಟ್ಟಿಗೆ ಒಗ್ಗಿಕೊಳ್ಳುತ್ತವೆ, ನಿಜ. ಆದರೆ ಒಗ್ಗಿಕೊಂಡ ಪ್ರಾಣಿಯೂ ನೆಮ್ಮದಿಯಿಂದಿದೆ ಎನ್ನಲಾಗುವುದಿಲ್ಲ. ಆ ಪಾರ್ಕಿನ ಮೊಲಗಳು ಪಂಜರದ ಹಿಂಬದಿಗೆ ಮುದುರಿ ಕೂತಿದ್ದವು. ಕೆಲಸದ ಹುಡುಗ ಒಂದನ್ನು ಎಳೆದು ತೆಗೆದು ಮಕ್ಕಳ ಮಡಿಲಿಗೆ ಇಡುತ್ತಿದ್ದ. ಮೊಲದ ಹಿಂಗಾಲಿಗೆ ಎಷ್ಟು ಬಲವಿದೆಯೆಂದರೆ, ಗಾಬರಿಯಲ್ಲಿ ಒದ್ದುಕೊಂಡರೆ ಅದರ ಬೆನ್ನುಮೂಳೆಯೇ ಮುರಿಯಬಹುದು. ಅದನ್ನು ನೋಡಿ ನಾನು ಮಕ್ಕಳನ್ನು ಅಲ್ಲಿಂದ ಎಬ್ಬಿಸಿಕೊಂಡು ಬಂದೆ.

ಫಾರ್ಮಿನಲ್ಲಿ ನೋಡಿದ್ದು ಬೇರೆಯದೇ. ಟ್ರ್ಯಾಕು ಕೊಟ್ಟಿಗೆಯಿಂದ ಎರಡು ಹೊಲ ಆಚೆ, ನಡುವೆ ದಟ್ಟ ಗಿಡಗಳ ಬೇಲಿ. ದೊಡ್ಡಿಯೊಳಗೆ ಮರದ ಹಲಗೆಯಿಂದ ಒಂದು ಮೂಲೆಯನ್ನು ಬೇರ್ಪಡಿಸಿ, ಮನುಷ್ಯರು ಅಲ್ಲಿಗೆ ಹೋಗುವಂತಿಲ್ಲ ಎಂದು ಬರೆದಿದ್ದರು. ಬೇಡವೆನಿಸಿದ ಮೇಕೆ ಅಲ್ಲಿ ಹೋಗಿ ಮಲಗುತ್ತಿತ್ತು. ಹೀಗೆ ತಪ್ಪಿಸಿಕೊಳ್ಳಲು ಜಾಗವಿರುವ ಪ್ರಾಣಿ ಹತ್ತಿರ ಬಂದಾಗ ತಾನಾಗಿಯೇ ಬಂದಿರುತ್ತದೆ, ಮಕ್ಕಳಿಗೂ ಆ ವ್ಯತ್ಯಾಸ ಗೊತ್ತಾಗುತ್ತದೆ. ಅಲ್ಲಿದ್ದ ಹಿರಿಯ ಹೆಂಗಸೊಬ್ಬರು ಮಕ್ಕಳನ್ನು ಸುತ್ತ ಕೂರಿಸಿಕೊಂಡು, "ಬೆರಳು ಮಡಿಚಬೇಡಿ ಕಂದಾ, ಅಂಗೈ ತಟ್ಟೆ ಥರ ಅಗಲವಾಗಿ ಹಿಡೀರಿ" ಎಂದು ತೋರಿಸಿಕೊಟ್ಟರು. ಮಗಳು ಅಂಗೈಯಲ್ಲಿ ಎಲೆಯಿಟ್ಟು ಚಾಚಿದಳು. ಮೇಕೆಯ ಮೇಲ್ದುಟಿ ಅತ್ತಿತ್ತ ತಡಕಾಡಿ ಎಲೆಯ ತುದಿಯನ್ನು ಸೆಳೆದುಕೊಂಡಿತು, ಅಂಗೈಯೆಲ್ಲ ಒದ್ದೆ. ಅವಳು ಬಗ್ಗಿ ನೋಡಿ, "ಅಪ್ಪಾ, ಇದಕ್ಕೆ ಮೇಲುಗಡೆ ಮುಂದಿನ ಹಲ್ಲೇ ಇಲ್ಲ!" ಎಂದು ಕೂಗಿದಳು. ಹೌದು, ಮೇಕೆ, ಕುರಿ, ಹಸು ಯಾವುದಕ್ಕೂ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿರುವುದಿಲ್ಲ, ಗಟ್ಟಿಯಾದ ವಸಡಿನ ದಿಂಡು ಇರುತ್ತದೆ. ಆದರೆ ಕತ್ತೆ, ಕುದುರೆಗಳಿಗೆ ಮೇಲೆ ಕೆಳಗೆ ಎರಡೂ ಕಡೆ ಹಲ್ಲಿವೆ, ಕಚ್ಚಿದರೆ ಬೆರಳು ಜಜ್ಜಿಹೋಗುತ್ತದೆ. ಅಂಗೈ ಅಗಲಿಸುವ ಪಾಠ ನಿಜಕ್ಕೂ ಬೇಕಾಗುವುದು ಕತ್ತೆಯ ಹತ್ತಿರವೇ. ಮೇಕೆಯ ಕಣ್ಣಿನ ಪಾಪೆ ಅಡ್ಡಗೆರೆಯಂತೆ ಇರುವುದನ್ನು ಮಗ ಕಂಡುಹಿಡಿದ. ಅದನ್ನು ಪಾರ್ಕಿನಲ್ಲಿ ಯಾರೂ ಗಮನಿಸಿರಲಿಲ್ಲ, ಅಷ್ಟು ಹತ್ತಿರ ಯಾವ ಮೇಕೆಯೂ ನಿಂತಿರಲಿಲ್ಲ.

ಇನ್ನೊಂದು ಒಳ್ಳೆಯ ಗುರುತು: ಫಾರ್ಮಿನಲ್ಲಿ ಮೇವನ್ನು ಅಳೆದು ಕೊಟ್ಟರು. ಮಕ್ಕಳಿಗೆ ಒಂದೊಂದು ಹಿಡಿ ಸೊಪ್ಪು, ಕಾಳು ತೀರಾ ಸ್ವಲ್ಪ. ಮೆಲುಕು ಹಾಕುವ ಪ್ರಾಣಿಗೆ ಕಾಳು ಹೆಚ್ಚಾದರೆ ಹೊಟ್ಟೆಯೊಳಗೆ ಆಮ್ಲ ಏರುತ್ತದೆ, ಅತಿಯಾದರೆ ಸಾಯಲೂಬಹುದು. ಬಂದವರೆಲ್ಲ ಬೇಕಾದ್ದನ್ನು ಬೇಕಾದಷ್ಟು ತಿನ್ನಿಸಲು ಬಿಡುವ ಜಾಗದಲ್ಲಿ ಪ್ರಾಣಿಗಳ ಬಗ್ಗೆ ಗೊತ್ತಿರುವವರು ಇಲ್ಲ ಎಂದೇ ನಾನು ತಿಳಿಯುತ್ತೇನೆ.

ಇನ್ನು ಯಂತ್ರಗಳು. ಮಿನಿ ಎಟಿವಿ ಆಟಿಕೆಯಲ್ಲ, ಪುಟ್ಟ ಅಳತೆಯ ನಿಜವಾದ ವಾಹನ. ಒಳ್ಳೆಯ ಕಂಪನಿಯ 50 ಸಿಸಿ ಯಂತ್ರ ಸುಮಾರು 100 ಕಿಲೋ ತೂಗುತ್ತದೆ. ನನ್ನ ಮಗನ ತೂಕದ ಐದು ಪಟ್ಟು! ಮೈಮೇಲೆ ಮಗುಚಿಕೊಂಡರೆ ಮಗು ಅದನ್ನು ಎತ್ತಲಾರದು. ಜೊತೆಗೆ ಹೆಚ್ಚಿನ ಮಕ್ಕಳ ಎಟಿವಿಗಳಲ್ಲಿ ಹಿಂದಿನ ಎರಡು ಚಕ್ರಗಳು ಒಂದೇ ಅಚ್ಚಿಗೆ ಕೂಡಿಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ಹಾಗಾಗಿ ಹ್ಯಾಂಡಲ್ ತಿರುಗಿಸಿದರೂ ಯಂತ್ರ ನೇರಕ್ಕೇ ಹೋಗಲು ನೋಡುತ್ತದೆ. ತಿರುವಿನಲ್ಲಿ ಮೈಯನ್ನು ಒಳಬದಿಗೆ ವಾಲಿಸಬೇಕು, ಹಗುರ ಮೈಯ ಮಕ್ಕಳಿಗೆ ಅದು ಅಷ್ಟು ಸುಲಭವಲ್ಲ. ಮೊದಲ ಎಟಿವಿಗಳಿಗೆ ಚಕ್ರ ಮೂರೇ ಇದ್ದವು. ಅವು ಉರುಳಿ ಆದ ಅಪಘಾತಗಳಿಂದಾಗಿ ಅಮೆರಿಕದಲ್ಲಿ 1988ರಲ್ಲಿ ಹೊಸದಾಗಿ ಮಾರುವುದನ್ನೇ ನಿಲ್ಲಿಸಿದರು. ನಾಲ್ಕು ಚಕ್ರವಿದ್ದರೂ ಇಳಿಜಾರಿನಲ್ಲಿ, ವೇಗದ ತಿರುವಿನಲ್ಲಿ ಉರುಳುವ ಅಪಾಯ ಇದ್ದೇ ಇದೆ.

ಪೆಟ್ರೋಲ್ ಮತ್ತು ಬ್ಯಾಟರಿ ಎರಡನ್ನೂ ಮಕ್ಕಳು ಓಡಿಸಿದ್ದಾರೆ. ಪೆಟ್ರೋಲಿನದ್ದು ಮಗಳಿಗೆ ಇಷ್ಟವಾಯಿತು, ಸದ್ದು, ನಡುಕ, ದೊಡ್ಡವರ ಗಾಡಿಯ ಹಮ್ಮು ಎಲ್ಲ ಸೇರಿ. ಎಂಜಿನ್ ಸದ್ದಿನಿಂದಲೇ ಎಷ್ಟು ಒತ್ತುತ್ತಿದ್ದೇನೆ ಎಂದು ಅವಳಿಗೆ ತಿಳಿಯುತ್ತಿತ್ತು, ಇದು ಅದರ ನಿಜವಾದ ಗುಣ. ಆದರೆ ಸೈಲೆನ್ಸರ್ ಕಾದು ಕೆಂಡವಾಗುತ್ತದೆ. ಚಡ್ಡಿ ಹಾಕಿದ ಮಗು ಇಳಿಯುವಾಗ ಮೀನಖಂಡ ತಾಕಿಸಿಕೊಂಡರೆ ಸುಟ್ಟ ಗಾಯ ಖಂಡಿತ. ಹೊಗೆ ಮಗುವಿನ ಮೂಗಿನ ಮಟ್ಟದಲ್ಲೇ ಸುಳಿಯುತ್ತದೆ. ಹೆಲ್ಮೆಟ್ಟಿನೊಳಗೆ ಎಂಜಿನ್ ಸದ್ದೇ ತುಂಬಿ, ಗಾಡಿಗಳನ್ನು ನೋಡಿಕೊಳ್ಳುತ್ತಿದ್ದವನು "ಬ್ರೇಕ್! ಬ್ರೇಕ್!" ಎಂದು ಕೂಗಿದ್ದು ಅವಳಿಗೆ ಕೇಳಿಸಲೇ ಇಲ್ಲ.

ಬ್ಯಾಟರಿಯದ್ದರಲ್ಲಿ ಈ ಮೂರೂ ತೊಂದರೆಗಳಿಲ್ಲ. ಅದರ ದೋಷವೇ ಬೇರೆ. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ತಿ ಎಳೆತ ಕೊಡುತ್ತದೆ. ಹೊರಡುವ ವೇಗವನ್ನು ಮೃದು ಮಾಡಿಟ್ಟಿರದಿದ್ದರೆ ಗಾಡಿ ಒಮ್ಮೆಲೇ ನೆಗೆಯುತ್ತದೆ, ಗಾಬರಿಯಾದ ಮಗು ಹ್ಯಾಂಡಲನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ, ಹೆಬ್ಬೆರಳು ಆಕ್ಸಿಲರೇಟರನ್ನು ಇನ್ನೂ ಒತ್ತುತ್ತದೆ. ಫಾರ್ಮಿನ ಹುಡುಗ ಇದನ್ನು ಬಲ್ಲವನು. ಮೊದಲ ಸುತ್ತಿನಲ್ಲಿ ಕೀಲಿಯನ್ನು ಅತಿ ಕಡಿಮೆ ವೇಗಕ್ಕೆ ತಿರುಗಿಸಿ, ಯಂತ್ರ ನಿಲ್ಲಿಸುವ ಹಗ್ಗದ ತುದಿಯನ್ನು ತನ್ನ ಮುಷ್ಟಿಯಲ್ಲಿ ಸುತ್ತಿಕೊಂಡು ಹಿಂದೆಯೇ ನಡೆದ. ಹಗ್ಗ ಜಗ್ಗಿದರೆ ಮೋಟಾರು ತಟ್ಟನೆ ಬಂದ್. ಅವನು ಮಗನಿಗೆ ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು: "ಪುಟ್ಟಾ, ಏನೇ ಆಗಲಿ, ಕಾಲು ಕೆಳಗಿಡಬೇಡ." ಸೈಕಲ್ ಕಲಿತ ಮಕ್ಕಳು ಹೆದರಿದಾಗ ಕಾಲು ಊರುತ್ತಾರೆ. ಎಟಿವಿಯಲ್ಲಿ ಹಾಗೆ ಊರಿದ ಕಾಲಿನ ಮೇಲೆ ಹಿಂದಿನ ಚಕ್ರ ಹತ್ತುತ್ತದೆ. ಪಾರ್ಕಿನಲ್ಲಿ ಈ ಮಾತನ್ನು ಯಾರೂ ಹೇಳಿರಲಿಲ್ಲ. ಅಲ್ಲಿ ಒಬ್ಬನೇ ಒಬ್ಬ ಐದು ಗಾಡಿಗಳನ್ನು ನೋಡಿಕೊಳ್ಳುತ್ತಿದ್ದ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 16 ವರ್ಷದೊಳಗಿನವರು ಎಟಿವಿ ಓಡಿಸಲೇಬಾರದು ಎನ್ನುತ್ತದೆ. ಅದನ್ನು ಹಗುರವಾಗಿ ತೆಗೆದುಕೊಳ್ಳುವ ಮಾತಿಲ್ಲ. ಸಮತಟ್ಟಾದ ನೆಲ, ಕಟ್ಟಿಹಾಕಿದ ವೇಗ, ಮಗುವಿಗೊಬ್ಬ ಮನುಷ್ಯ, ಈ ಮೂರೂ ಇಲ್ಲದ ಟ್ರ್ಯಾಕಿಗೆ ನಾನು ಈಗ ಮಕ್ಕಳನ್ನು ಹತ್ತಿಸದಿರುವುದು ಅದಕ್ಕೇ. ಅದೇ ದೇಶದ ತಯಾರಿಕಾ ನಿಯಮದಲ್ಲಿ ಆರು ವರ್ಷ ಮೇಲ್ಪಟ್ಟವರ ಎಟಿವಿಯ ಗರಿಷ್ಠ ವೇಗ ಗಂಟೆಗೆ 24 ಕಿಲೋಮೀಟರ್, ಮಾರುವಾಗ ಅದನ್ನೂ 16ಕ್ಕೆ ಕಟ್ಟಿ ಕೊಡಬೇಕು. ಹತ್ತು ಮೇಲ್ಪಟ್ಟವರದ್ದಕ್ಕೆ ಗರಿಷ್ಠ 48, ಕಟ್ಟಿದ ವೇಗ 24. ಆರಕ್ಕಿಂತ ಚಿಕ್ಕವರಿಗೆ ವರ್ಗವೇ ಇಲ್ಲ. ಬಾಡಿಗೆ ಟ್ರ್ಯಾಕಿನಲ್ಲಿ ನನ್ನ ಅಳತೆ ಇದಕ್ಕಿಂತ ಬಿಗಿ: ಪಕ್ಕದಲ್ಲಿರುವವನು ಓಡಿ ಹಿಡಿಯಬಲ್ಲಷ್ಟೇ ವೇಗ ಇರಬೇಕು. ಫಾರ್ಮಿನಲ್ಲಿ ಅಷ್ಟೇ ಇತ್ತು. ಮಗಳು ಮೊದಲು ಮುಖ ಊದಿಸಿದಳು, ತಿರುವುಗಳಲ್ಲಿ ಮೈ ವಾಲಿಸುವುದು ಕೈಗೆ ಹತ್ತಿದ ಮೇಲೆ ವೇಗದ ಸುದ್ದಿಯೇ ಎತ್ತಲಿಲ್ಲ.

ಹೆಲ್ಮೆಟ್ ವಿಷಯದಲ್ಲಿ ಎರಡೂ ಕಡೆ ಕೊರತೆಯಿತ್ತು. ಇದ್ದವು, ಆದರೆ ಮಗನ ತಲೆಗೆ ಸಡಿಲ. ಹುಬ್ಬಿನಿಂದ ಎರಡು ಬೆರಳು ಮೇಲಕ್ಕೆ ಕೂರಬೇಕು, ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಬೇರೆಯಾಗಿ ಅಲ್ಲಾಡಬಾರದು. ಈಗ ಮಕ್ಕಳ ಅಳತೆಯದನ್ನು ನಾವೇ ಒಯ್ಯುತ್ತೇವೆ, ಜೊತೆಗೆ ಪೂರ್ತಿ ಪ್ಯಾಂಟು, ಮುಚ್ಚಿದ ಶೂ.

ಎರಡು ಬೇರೆ ಬೇರೆ ಜಾಗಗಳ ದಾರಿಯ ಬಗ್ಗೆ ಹೆಚ್ಚು ಹೇಳಲು ಇಲ್ಲ. ಎರಡೂ ಕಡೆ ಅವರವರ ಕೆಲಸ ಬಲ್ಲ ಜನ ಸಿಗುತ್ತಾರೆ, ಪ್ರಾಣಿಗಳಿಗೆ ಸದ್ದಿನ ಕಾಟವಿಲ್ಲ. ಆದರೆ ನಡುವಿನ ಪ್ರಯಾಣದಲ್ಲಿ ಚಿಕ್ಕವಳು ಕಾರಿನಲ್ಲಿ ನಿದ್ದೆ ಹೋಗಿ, ಎಬ್ಬಿಸಿದಾಗ ಅತ್ತು, ದೊಡ್ಡವರು ಸುಸ್ತಾಗಿ ಟ್ರ್ಯಾಕ್ ತಲುಪಿದರು. ದಣಿದ ಮಗುವಿಗೆ ಹ್ಯಾಂಡಲ್ ಕೊಡುವುದು ನನಗೆ ಸರಿ ಕಾಣಲಿಲ್ಲ, ಕಡಿಮೆ ಸುತ್ತಿಗೇ ನಿಲ್ಲಿಸಿದೆ. ಮಕ್ಕಳೆಲ್ಲ ಎಂಟು ದಾಟಿದ ಮನೆಯವರಿಗಾದರೆ ಇದೂ ಒಳ್ಳೆಯ ದಾರಿಯೇ.

ಒಂದೇ ಜಾಗವಾದರೆ ಯಾವುದು ಮೊದಲು? ಮಕ್ಕಳನ್ನು ಕೇಳಿದರೆ ಎಟಿವಿ. ನಾನು ಪ್ರಾಣಿಗಳು ಎನ್ನುತ್ತೇನೆ. ಬೆಳಿಗ್ಗೆ ಮೇಕೆಗಳಿಗೆ ಹಸಿವು, ಉತ್ಸಾಹ. ಹೊಟ್ಟೆ ತುಂಬಿದ ಮೇಲೆ ಅವು ಮಲಗಿ ಮೆಲುಕು ಹಾಕತೊಡಗುತ್ತವೆ, ಆಗ ಎಬ್ಬಿಸಬಾರದು. ಗಾಡಿಯಿಂದ ಇಳಿದ ಮಕ್ಕಳ ಮೈಯಲ್ಲಿ ಓಟ ಇನ್ನೂ ಉಳಿದಿರುತ್ತದೆ, ಮಾತು ಜೋರು, ಕೈಕಾಲು ಚುರುಕು. ಪಾರ್ಕಿನಲ್ಲಿ ಮಗ ಹೆಲ್ಮೆಟ್ ಕಳಚುತ್ತಲೇ ಬಾತುಕೋಳಿಗಳ ಹಿಂದೆ ಓಡಿದ್ದ. ಫಾರ್ಮಿನಲ್ಲಿ ಪ್ರಾಣಿಗಳು ಮೊದಲು, ಗಾಡಿ ಆಮೇಲೆ, ಒಂದು ಬಾತೂ ಕದಲಲಿಲ್ಲ. ಆದರೆ ನನ್ನ ತಂಗಿ ಇದನ್ನು ಒಪ್ಪುವುದಿಲ್ಲ. ಎಟಿವಿ ಆಸೆ ತೀರದ ಮಗು ಮೇಕೆಯ ಮುಂದೆ ನಿಂತೂ ಟ್ರ್ಯಾಕಿನ ಕಡೆಯೇ ನೋಡುತ್ತದೆ ಎನ್ನುವುದು ಅವಳ ವಾದ. ಟ್ರ್ಯಾಕು ಕಣ್ಣಿಗೆ ಬೀಳುವ ಜಾಗದಲ್ಲಿ ಅವಳ ಮಾತು ನಿಜ. ಕಾಣದ ಜಾಗದಲ್ಲಿ ಆ ತೊಂದರೆ ಬರಲಿಲ್ಲ.

ಕೈ ತೊಳೆಯುವ ಜಾಗ ನೋಡದೆ ನಾನು ಯಾವ ಜಾಗಕ್ಕೂ ಅಂಕ ಕೊಡುವುದಿಲ್ಲ. ಆರೋಗ್ಯವಾಗಿರುವ ಕುರಿ, ಮೇಕೆ, ಹಸುಗಳ ಸಗಣಿ ಹಿಕ್ಕೆಯಲ್ಲೂ ಇ. ಕೋಲಿ ಓ157 ಎಂಬ ಬ್ಯಾಕ್ಟೀರಿಯಾ ಇರಬಹುದು, ಚಿಕ್ಕ ಮಕ್ಕಳಲ್ಲಿ ಅದು ಮೂತ್ರಪಿಂಡಕ್ಕೇ ಹಾನಿ ಮಾಡಬಲ್ಲದು. 2009ರಲ್ಲಿ ಇಂಗ್ಲೆಂಡಿನ ಸರ್ರೆಯಲ್ಲಿ ಮಕ್ಕಳು ಪ್ರಾಣಿಗಳನ್ನು ಮುಟ್ಟುವ ಫಾರ್ಮೊಂದರಿಂದ 93 ಮಂದಿಗೆ ಈ ಸೋಂಕು ತಗುಲಿತ್ತು, ಹೆಚ್ಚಿನವರು ಮಕ್ಕಳೇ. ಸ್ಯಾನಿಟೈಸರ್ ಇದಕ್ಕೆ ಸಾಲದು. ಹರಿಯುವ ನೀರು, ಸೋಪು, 20 ಸೆಕೆಂಡು ಉಜ್ಜಬೇಕು. ಪಾರ್ಕಿನಲ್ಲಿ ದೊಡ್ಡಿಯ ಬಾಗಿಲಿಗೆ ಸ್ಯಾನಿಟೈಸರ್ ಬಾಟಲಿ ತೂಗುಹಾಕಿದ್ದರು, ನಲ್ಲಿ ಇದ್ದದ್ದು ಶೌಚಾಲಯದ ಹತ್ತಿರ. ಫಾರ್ಮಿನಲ್ಲಿ ದೊಡ್ಡಿಯಿಂದ ಹೊರಬರುವ ದಾರಿಯಲ್ಲೇ, ಮಕ್ಕಳ ಎತ್ತರಕ್ಕೆ, ನಾಲ್ಕು ನಲ್ಲಿಗಳ ತೊಟ್ಟಿಯಿತ್ತು. ಪ್ರಾಣಿಗಳ ನಂತರ, ಹೆಲ್ಮೆಟ್ ಮುಟ್ಟುವ ಮೊದಲು, ಏನಾದರೂ ಬಾಯಿಗೆ ಹಾಕುವ ಮೊದಲು, ಅಲ್ಲಿ ನಿಲ್ಲಲೇಬೇಕು.

ಮೂರೂವರೆ ವರ್ಷದವಳದ್ದೇ ಕಷ್ಟದ ಪ್ರಶ್ನೆ. ಪಾರ್ಕಿನಲ್ಲಿ "ದೊಡ್ಡವರ ಜೊತೆ ಕೂರಿಸಿ ಕಳಿಸಿ, ಏನಾಗಲ್ಲ" ಎಂದರು. ಒಬ್ಬರಿಗೆಂದು ಮಾಡಿದ ಸೀಟಿನಲ್ಲಿ ಇಬ್ಬರು ಕೂತರೆ ಯಂತ್ರದ ಸಮತೋಲನವೇ ತಪ್ಪುತ್ತದೆ, ಮುಂದೆ ಕೂತ ಮಗು ಹ್ಯಾಂಡಲಿಗೂ ದೊಡ್ಡವರ ಎದೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ನಾವು ಒಪ್ಪಲಿಲ್ಲ, ಅವಳು ಬಹಳ ಹೊತ್ತು ಅತ್ತಳು. ಫಾರ್ಮಿನಲ್ಲಿ ಅವಳಿಗೆ ಬೇರೆ ಕೆಲಸ ಕೊಟ್ಟರು: ಕೋಳಿಗೂಡಿನಲ್ಲಿ ಬಗ್ಗಿ ಮೊಟ್ಟೆ ಹುಡುಕುವುದು. ಅಕ್ಕ ಅಣ್ಣ ಟ್ರ್ಯಾಕಿನಿಂದ ವಾಪಸ್ ಬಂದರೂ ಅವಳು ಗೂಡು ಬಿಟ್ಟು ಬರಲು ಒಪ್ಪಲಿಲ್ಲ. ಆರಕ್ಕಿಂತ ಚಿಕ್ಕ ಮಗು ಜೊತೆಗಿದ್ದರೆ, ಹೊರಡುವ ಮೊದಲು ಫೋನ್ ಮಾಡಿ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಗಾಡಿ ಹತ್ತದ ಮಗುವಿಗೆ ನಿಮ್ಮಲ್ಲಿ ಮಾಡಲು ಏನಿದೆ?