ಸುಂಟಿಕೊಪ್ಪ ಕಡೆಯ ಕಾಫಿ ತೋಟದ ಟೂರ್: ಕಾಫಿಗೆ ಪೂರ್ತಿ ಅಂಕ, ಗೋಡೆಯ ನಕ್ಷೆಗೆ ಸೊನ್ನೆ

ಜನವರಿಯಲ್ಲಿ ನಾದಿನಿ ಬೆಂಗಳೂರಿಂದ ಮಕ್ಕಳ ಜೊತೆ ಬಂದಿದ್ದಳು. ಎರಡು ಗಂಟೆಯ ತೋಟದ ಟೂರ್, ತಲೆಗೆ 400 ರೂಪಾಯಿ. ನಮ್ಮಮ್ಮನೂ ಬಂದರು. ತೋಟದ ಕೆಲಸದವರ ಲೈನ್ ಮನೆಯಲ್ಲಿದ್ದು ಮೂವತ್ತು ವರ್ಷ ಕಾಫಿ ಕುಯ್ದವರು. ದುಡ್ಡು ಕೊಟ್ಟು ತೋಟ ನೋಡುವುದು ಅಂದರೆ ಅವರಿಗೆ ನಗು.

ಗೈಡ್ ಹುಡುಗ ಚುರುಕು. ಕೆಂಪು ಹಣ್ಣು ಹಿಸುಕಿ, ಲೋಳೆ ಮೆತ್ತಿದ ಬೀಜ ಮಕ್ಕಳ ಅಂಗೈಗೆ ಹಾಕಿ ಚೀಪಿಸಿದ. ಕಣ ತೋರಿಸಿದ. ಕೊನೆಗೆ ಬೆಲ್ಲದ ಕಾಫಿ, ಬಿಸಿ ಕಡಂಬುಟ್ಟು. ಎರಡೂ ಸೊಗಸು.

ನನಗೆ ಕಿರಿಕಿರಿ ಆಗಿದ್ದು ಕಾಫಿ ಕೊಡುವ ಶೆಡ್ಡಿನಲ್ಲಿ. ಗೋಡೆ ತುಂಬ ‘ಕಾಫಿಯ ಪಯಣ’ ಅಂತ ನಕ್ಷೆ. ಯೆಮನ್, ಜಾವಾ, ಪ್ಯಾರಿಸ್, ಮಾರ್ಟಿನಿಕ್, ಬ್ರೆಜಿಲ್. ಬಾಣಗಳೆಲ್ಲ ಗಿಡದ್ದೇ. ಆಫ್ರಿಕಾದಿಂದ ಗುಲಾಮರನ್ನಾಗಿ ಹಡಗಿಗೆ ತುಂಬಿದ ಸುಮಾರು 1.25 ಕೋಟಿ ಜನರಿಗೆ ಒಂದು ಬಾಣವೂ ಇಲ್ಲ. ಬ್ರೆಜಿಲ್ ಒಂದರಲ್ಲೇ ಸುಮಾರು 48 ಲಕ್ಷ ಜನ ಇಳಿದರು. ಕಬ್ಬು, ಗಣಿ, ಆಮೇಲೆ ಕಾಫಿ. ಆಗ ಫ್ರಾನ್ಸಿನ ವಸಾಹತಾಗಿದ್ದ ಹೈಟಿಯ ಹೆಸರಂತೂ ಇಲ್ಲವೇ ಇಲ್ಲ. 1780ರ ದಶಕದ ಕೊನೆಯಲ್ಲಿ ಜಗತ್ತಿನ ಹತ್ತಿರ ಹತ್ತಿರ ಅರ್ಧ ಕಾಫಿ ಬರುತ್ತಿದ್ದದ್ದು ಅಲ್ಲಿಂದಲೇ, ಅದೂ ಗುಲಾಮರ ಕೈಯಿಂದ. ಅವರು 1791ರಲ್ಲಿ ತಿರುಗಿಬಿದ್ದು 1804ರಲ್ಲಿ ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆ ಕಳಿಸಿ, ತೋಟದ ಮಾಲೀಕರಿಗೆ ಆದ ನಷ್ಟ ಅಂತ 15 ಕೋಟಿ ಫ್ರಾಂಕ್ ಕೇಳಿತು. ಆ ನಷ್ಟದ ಲೆಕ್ಕದಲ್ಲಿ ಗುಲಾಮರೂ ಸೇರಿದ್ದರು!

“ಇದೆಲ್ಲ ಯಾಕಪ್ಪಾ ಹಾಕಿಲ್ಲ?” ಅಂದೆ. “ಅಕ್ಕಾ, ಅದು ಫೋಟೋ ತೆಗೆಸ್ಕೊಳ್ಳೋ ಗೋಡೆ” ಅಂದ. ಪಾಪ, ಅವನೇನು ಮಾಡ್ತಾನೆ.

ಕೊಡಗಿನ ಭಾಗದಲ್ಲಿ ‘1834: ಬ್ರಿಟಿಷ್ ಆಡಳಿತ’ ಅಂತಿದೆ. ಅದೇ ವರ್ಷ ಆಗಸ್ಟ್‌ನಲ್ಲಿ ಅವರ ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮಗಿರಿ ರದ್ದಾಯಿತು. ಪರಿಹಾರದ 2 ಕೋಟಿ ಪೌಂಡ್ ಹೋಗಿದ್ದು ಮಾಲೀಕರಿಗೆ. ದುಡಿದವರಿಗೆ ಬಿಡಿಗಾಸಿಲ್ಲ. ಈಸ್ಟ್ ಇಂಡಿಯಾ ಕಂಪನಿ ಆಳುತ್ತಿದ್ದ ನಮ್ಮ ಕಡೆಗೆ ಆ ಕಾಯ್ದೆ ಬರಲೇ ಇಲ್ಲ. ಇಲ್ಲಿ ಬೇರೆ ಕಾಯ್ದೆ ಬಂದಿದ್ದು 1843ರಲ್ಲಿ. ಗೋಡೆಯ ಮೇಲೆ ಇದ್ಯಾವುದೂ ಇಲ್ಲ, ಕುದುರೆ ಮೇಲೆ ಕೂತ ದೊರೆಯ ಹಳೇ ಫೋಟೋ ಮಾತ್ರ.

ಅಮ್ಮ ಆ ಫೋಟೋ ಹತ್ತಿರ ಹೋಗಿ ನಿಂತರು. ದೊರೆಯ ಹಿಂದೆ ಮಸುಕಾಗಿ ನಾಲ್ಕು ಜನ ಹೆಂಗಸರು. “ಚೀಲ ಸೊಂಟಕ್ಕೆ ಕಟ್ಟಿದ್ದಾರೆ ನೋಡು, ನಾವೂ ಹಿಂಗೇ ಕಟ್ತಿದ್ವಿ” ಅಂದರು.

ಮೂರು ಸ್ಟಾರ್. ಪುಡಿ ಕಾಲು ಕೆಜಿಗೆ 220. ಚಿಕೋರಿ ಬೆರೆಸದ್ದು ಬೇಕು ಅಂತ ಕೇಳಿ ತಗೊಳ್ಳಿ.