ಪ್ಲಾಸ್ಟರ್ ಗಟ್ಟಿಯೊಳಗಿನ ಮೊಟ್ಟೆ: ಪಳೆಯುಳಿಕೆ ಅಗೆಯುವ ಕಿಟ್ ಬಳಸಿ ನೋಡಿದಾಗ

ಹತ್ತು ವರ್ಷದ ಮಗಳಿಗೆಂದು 749 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದ ಪಳೆಯುಳಿಕೆ ಅಗೆಯುವ ಕಿಟ್ ಒಂದನ್ನು ಎರಡು ಭಾನುವಾರ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಪೆಟ್ಟಿಗೆಯಲ್ಲಿ ಇಟ್ಟಿಗೆ ಗಾತ್ರದ ಪ್ಲಾಸ್ಟರ್ ಗಟ್ಟಿ, ಮರದ ಪುಟ್ಟ ಸುತ್ತಿಗೆ, ಪ್ಲಾಸ್ಟಿಕ್ ಉಳಿ, ಬ್ರಷ್, ಭೂತಗನ್ನಡಿ ಮತ್ತು ಎಂಟು ಪುಟದ ಕೈಪಿಡಿ ಇವೆ. ಉಳಿಯ ಮೊನೆ ಅರ್ಧ ಗಂಟೆಯಲ್ಲೇ ಮೊಂಡಾಯಿತು. ಮಿಕ್ಕದ್ದನ್ನು ಹಳೆಯ ಸ್ಕ್ರೂಡ್ರೈವರ್‌ನಿಂದ ಕೆರೆಯಬೇಕಾಯಿತು. ಬಿಳಿ ಪುಡಿ ಹಾರುವುದರಿಂದ ಹಿತ್ತಲಲ್ಲಿ ಪತ್ರಿಕೆ ಹಾಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂರುವುದು ಒಳ್ಳೆಯದು.

ಗಟ್ಟಿಯೊಳಗೆ ರೆಸಿನ್‌ನಲ್ಲಿ ಎರಕ ಹೊಯ್ದ ಮೂರು ವಸ್ತುಗಳಿದ್ದವು: ಡೈನೋಸಾರ್ ಮೊಟ್ಟೆ, ಶಾರ್ಕ್ ಹಲ್ಲು, ಅಮೋನೈಟ್ (ಸುರುಳಿ ಚಿಪ್ಪಿನ, ಈಗ ಅಳಿದುಹೋಗಿರುವ ಕಡಲಜೀವಿ). ಇವುಗಳಲ್ಲಿ ಅಮೋನೈಟ್ ಮಾತ್ರ ಮೆಚ್ಚುವಂತಿದೆ. ಮಗಳು ಅದರ ಸುರುಳಿಯ ಏಣುಗಳ ಮೇಲೆ ಬ್ರಷ್ ಆಡಿಸುತ್ತಿದ್ದಾಗ ನಮ್ಮ ಅತ್ತೆಯವರು ಬಗ್ಗಿ ನೋಡಿ, "ಇದು ಸಾಲಿಗ್ರಾಮವಲ್ಲವೇನೇ ಪುಟ್ಟಿ?" ಎಂದರು. ಅವರ ಗುರುತು ಸರಿಯೇ. ನೇಪಾಳದ ಗಂಡಕಿ ನದಿಯಲ್ಲಿ ಸಿಗುವ ಸಾಲಿಗ್ರಾಮದೊಳಗಿನ ಚಕ್ರವು ಹಿಮಾಲಯ ಏಳುವ ಮೊದಲು ಅಲ್ಲಿದ್ದ ಟೆಥಿಸ್ ಸಮುದ್ರದ ಅಮೋನೈಟ್‌ನದೇ. ಕೈಪಿಡಿಯಲ್ಲಿ ಇದರ ಸುಳಿವಿಲ್ಲ.

ನನ್ನ ಮುಖ್ಯ ತಕರಾರು ಮೊಟ್ಟೆಯ ಬಗ್ಗೆ. ನಿಂಬೆಹಣ್ಣಿನಷ್ಟಿರುವ, ಕೋಳಿಮೊಟ್ಟೆಯಂತೆ ಒಂದು ತುದಿ ಚೂಪಾದ ಅದನ್ನು ಉದ್ದ ಕತ್ತಿನ ಡೈನೋಸಾರ್‌ನದೆಂದು ಹೇಳಿ, ಆ ಭಾರಿ ತಾಯಿ ಕಾವು ಕೂತ ಚಿತ್ರವನ್ನೂ ಅಚ್ಚು ಹಾಕಿದ್ದಾರೆ. (ಕಾವು ಕೂರುತ್ತಿದ್ದುದಕ್ಕೆ ಸಾಕ್ಷ್ಯವಿರುವುದು ಓವಿರಾಪ್ಟರ್ ಬಳಗದಂಥ ಚಿಕ್ಕ ಡೈನೋಸಾರ್‌ಗಳಲ್ಲಿ.) ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ಸಿಕ್ಕಿದ, 2023ರಲ್ಲಿ ವಿವರ ಪ್ರಕಟವಾದ 92 ಗೂಡುಗಳ 256 ಮೊಟ್ಟೆಗಳು ಇದೇ ಉದ್ದ ಕತ್ತಿನ ಬಳಗದ ಟೈಟನೋಸಾರ್‌ಗಳವು, ಅವು ಚೆಂಡಿನಂತೆ ದುಂಡಗಿದ್ದು, ಅಡ್ಡಳತೆ ಸುಮಾರು 15ರಿಂದ 17 ಸೆಂಟಿಮೀಟರ್ ಇದೆ. ದೊಡ್ಡ ಪ್ರಾಣಿಗಳು ನಡುವೆ ಓಡಾಡಲು ಎಡೆಯಿಲ್ಲದಷ್ಟು ಒತ್ತಾಗಿ ಗೂಡುಗಳಿರುವುದರಿಂದ, ತಾಯಂದಿರು ಮೊಟ್ಟೆಯಿಟ್ಟು ಹೊರಟುಹೋಗುತ್ತಿದ್ದಿರಬೇಕು, ಮರಿಗಳು ತಮ್ಮ ಪಾಡಿಗೆ ತಾವು ಬೆಳೆಯುತ್ತಿದ್ದಿರಬೇಕು ಎಂದು ಸಂಶೋಧಕರು ಊಹಿಸಿದ್ದಾರೆ. ಅದೇ ಜಿಲ್ಲೆಯಿಂದ 2022ರಲ್ಲಿ ವರದಿಯಾದ ಮೊಟ್ಟೆಯೊಳಗಿನ ಮೊಟ್ಟೆ ಇನ್ನೂ ವಿಚಿತ್ರವಾದದ್ದು. ಹಕ್ಕಿಗಳಲ್ಲಿ ಅಪರೂಪಕ್ಕೆ ಕಾಣುವ ಈ ದೋಷ ಟೈಟನೋಸಾರ್‌ನಲ್ಲೂ ಕಂಡದ್ದರಿಂದ, ಅವುಗಳ ಅಂಡನಾಳದ ರಚನೆ ಹಕ್ಕಿಗಳದನ್ನು ಹೋಲುತ್ತಿದ್ದಿರಬಹುದೆಂಬ ವಾದಕ್ಕೆ ಬಲ ಬಂದಿದೆ.

ಗೂಡಿನಿಂದ ಗೂಡಿಗಿರುವ ಅಂತರ, ಮೊಟ್ಟೆಗಳು ಕೂತಿರುವ ರೀತಿ, ಸುತ್ತಲಿನ ಕಲ್ಲಿನ ಪದರ ಇವನ್ನು ಅಳೆದು ಬರೆದಿಟ್ಟುಕೊಂಡದ್ದರಿಂದಲೇ ಇಷ್ಟು ತಿಳಿಯಿತು. ಈ ಕಿಟ್‌ನಲ್ಲಾದರೋ ಕಡಲಿನ ಹಲ್ಲೂ ನೆಲದ ಮೊಟ್ಟೆಯೂ ಒಂದೇ ಗಟ್ಟಿಯಲ್ಲಿ ಮೈಗೆ ಮೈ ತಾಗಿಸಿಕೊಂಡಿವೆ. ಯಾವುದು ಎಷ್ಟು ಆಳದಲ್ಲಿ ಸಿಕ್ಕಿತೆಂದು ಗುರುತು ಹಾಕಿಕೊಳ್ಳಲು ಒಂದು ಖಾಲಿ ಪುಟವನ್ನೂ ಕೊಟ್ಟಿಲ್ಲ.

ಎರಡನೆಯ ಭಾನುವಾರ ಹಳೆಯ ಟಬ್‌ನಲ್ಲಿ ಮಣ್ಣು ತುಂಬಿ, ಗೋಲಿಗಳನ್ನು ಗುಂಪುಗುಂಪಾಗಿ ಹೂತು, ಮಗಳ ಕೈಗೆ ಸ್ಕೇಲು ಮತ್ತು ಚೌಕುಳಿ ಪುಸ್ತಕ ಕೊಟ್ಟೆ. ಕಿಟ್‌ನ ಬ್ರಷ್ ಮತ್ತು ಭೂತಗನ್ನಡಿ ಆ ಕೆಲಸಕ್ಕೆ ಚೆನ್ನಾಗಿ ಒದಗಿದವು. ಅವೆರಡಕ್ಕೆ 749 ರೂಪಾಯಿ ದುಬಾರಿ; ಐದರಲ್ಲಿ ಎರಡು ನಕ್ಷತ್ರ ಕೊಡುತ್ತೇನೆ.