ಐದನೆಯ ಹಾಡು ಎಲ್ಲಿ ಬರಬೇಕು? ಒಂದೇ ಆಲ್ಬಂ, ನಾಲ್ಕು ರೂಪ

ನನಗೆ ಪ್ರಾಣವಾದ ಆಲ್ಬಂ ಒಂದಿದೆ. ಹತ್ತು ಹಾಡು, 42 ನಿಮಿಷ. ಹೆಸರು ಹೇಳುವುದಿಲ್ಲ. ಓದುವಾಗ ನಿಮಗಿಷ್ಟವಾದ ಆಲ್ಬಂ ಒಂದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಸಾಕು. ಅದು ಈಗ ನನ್ನ ಹತ್ತಿರ ನಾಲ್ಕು ರೂಪದಲ್ಲಿದೆ: ಚಿಕ್ಕಂದಿನಿಂದ ಇರುವ ಕ್ಯಾಸೆಟ್, ಕಾಲೇಜಿನ ದಿನಗಳಲ್ಲಿ ಕೊಂಡ ಸಿಡಿ, ಹೋದ ವರ್ಷ ಸಿಕ್ಕ ಹಳೆಯ ಎಲ್‌ಪಿ ರೆಕಾರ್ಡು, ಮತ್ತೆ ಫೋನಿನ ಆ್ಯಪ್‌ನಲ್ಲಿರುವ ರೀಮಾಸ್ಟರ್, ಅಂದರೆ ಹಳೆಯ ರೆಕಾರ್ಡಿಂಗಿನ ಸದ್ದನ್ನು ಹೊಸದಾಗಿ ತಿದ್ದಿ ತಂದಿದ್ದು. ವಾರಕ್ಕೊಂದು ರೂಪದ ಹಾಗೆ ಒಂದು ತಿಂಗಳು, ದಿನಾ ರಾತ್ರಿ ಅದನ್ನೇ ಪೂರ್ತಿ ಕೇಳಿದೆ. ಅದೇ ಆಂಪ್ಲಿಫೈಯರ್, ಅದೇ ಸ್ಪೀಕರ್, ಅದೇ ಕುರ್ಚಿ.

ಯಾವುದರ ಸದ್ದು ಚೆನ್ನಾಗಿದೆ ಎಂದು ತಿಳಿಯುವುದಷ್ಟೇ ನನ್ನ ಆಸೆಯಾಗಿತ್ತು. ಆದರೆ ನಾಲ್ಕೂ ವಾರ ನನ್ನ ಗಮನ ಹೋಗಿ ನಿಂತಿದ್ದು ಐದನೆಯ ಹಾಡಿನ ಮೇಲೆ. ಮೂರೇ ನಿಮಿಷದ ಹಾಡು ಅದು. ಒಂದು ದನಿ, ಒಂದು ಗಿಟಾರ್. ಕೊನೆಯ ಅರ್ಧ ನಿಮಿಷಕ್ಕೆ ಮಾತ್ರ ಡ್ರಮ್ ಬಂದು ಸೇರಿಕೊಳ್ಳುತ್ತದೆ.

ಕ್ಯಾಸೆಟ್‌ನಿಂದ ಶುರು ಮಾಡಿದೆ. ಅದರ ಟೇಪಿನ ಅಗಲ 4 ಮಿ.ಮೀ.ಗಿಂತಲೂ ಕಡಿಮೆ. ಸೆಕೆಂಡಿಗೆ 5 ಸೆಂ.ಮೀ. ಕೂಡ ಓಡುವುದಿಲ್ಲ. ಅಷ್ಟು ಸಣ್ಣ ಜಾಗದಲ್ಲಿ ಎರಡು ಸೈಡಿನ ಸ್ಟೀರಿಯೊ ಹಿಡಿಸಬೇಕು. ಹಾಗಾಗಿ ಹಿಂದುಗಡೆ ಸುಯ್ ಎನ್ನುವ ಸದ್ದು ಯಾವಾಗಲೂ ಇರುತ್ತದೆ. ಜೋರು ಹಾಡಿನಲ್ಲಿ ಗೊತ್ತಾಗುವುದಿಲ್ಲ, ಮೆಲ್ಲಗಿನ ಹಾಡಿನಲ್ಲಿ ಚೆನ್ನಾಗಿಯೇ ಕೇಳುತ್ತದೆ. ಸದ್ದಿನ ವಿಷಯದಲ್ಲಿ ನಾಲ್ಕರಲ್ಲಿ ಕೊನೆಯ ಜಾಗ ಇದಕ್ಕೇ. ಅದರಲ್ಲಿ ಅನುಮಾನವಿಲ್ಲ.

ಆದರೆ ನನ್ನ ಕ್ಯಾಸೆಟ್‌ನಲ್ಲಿ ಆ ಹಾಡು ಐದನೆಯದಲ್ಲ, ಹತ್ತನೆಯದು. ಎಷ್ಟೋ ವರ್ಷ ಆಲ್ಬಂ ಅದರಿಂದಲೇ ಮುಗಿಯುತ್ತದೆ ಎಂದು ನಂಬಿದ್ದೆ. ಸಿಡಿ ಕೊಂಡ ದಿನ, ನಾಲ್ಕನೆಯದು ಮುಗಿದ ಕೂಡಲೇ ಅದು ಬಂದಾಗ, ಯಾವುದೋ ತಪ್ಪು ಡಿಸ್ಕ್ ಕೊಟ್ಟಿದ್ದಾರೆ ಅಂದುಕೊಂಡೆ. ಕಾರಣ ಆಮೇಲೆ ತಿಳಿಯಿತು. ಎಲ್‌ಪಿಯಲ್ಲಿ ಎ ಸೈಡ್ 24 ನಿಮಿಷ, ಬಿ ಸೈಡ್ 18. ಕ್ಯಾಸೆಟ್‌ನ ಎರಡೂ ಕಡೆ ಟೇಪಿನ ಉದ್ದ ಒಂದೇ. ಹಾಗೇ ತುಂಬಿಸಿದರೆ ಬಿ ಸೈಡಿನ ಕೊನೆಗೆ 6 ನಿಮಿಷ ಖಾಲಿ ಟೇಪು ಓಡುತ್ತದೆ. ಅದಕ್ಕೇ ಮೂರು ನಿಮಿಷದ ಹಾಡೊಂದನ್ನು ಆ ಕಡೆಯಿಂದ ಈ ಕಡೆಗೆ ತಂದರೆ 21, 21 ಸಮ. ಕ್ಯಾಸೆಟ್‌ಗಳಲ್ಲಿ ಹೀಗೆ ಹಾಡುಗಳ ಕ್ರಮ ಬದಲಾಯಿಸುವುದು ಆಗ ಮಾಮೂಲಿಯಾಗಿತ್ತು. ಟೇಪಿನ ಲೆಕ್ಕಕ್ಕೆ ಯಾರೋ ಮಾಡಿದ ಬದಲಾವಣೆ ಅದು. ನನಗೆ ಮಾತ್ರ ಅದೇ ಆಲ್ಬಮ್ಮಿನ ಕೊನೆಯಾಗಿ ಉಳಿದುಬಿಟ್ಟಿತು.

ಎರಡನೆಯ ವಾರ ಎಲ್‌ಪಿ. ನಾನು ತುಂಬಾ ಆಸೆ ಇಟ್ಟುಕೊಂಡಿದ್ದು ಇದರ ಮೇಲೆ. ಮೊದಲ ಎರಡು ಹಾಡು ಆ ಆಸೆಯನ್ನು ಉಳಿಸಿದವು. ದನಿ ಎದುರಿಗೇ ಕೂತು ಹಾಡಿದ ಹಾಗಿತ್ತು. ಐದನೆಯ ಹಾಡಿಗೆ ಬರುವಷ್ಟರಲ್ಲಿ ದನಿ ಒಡೆಯಲು ಶುರುವಾಯಿತು. 'ಸ', 'ಶ' ಬಂದಲ್ಲೆಲ್ಲ ಚರ್ ಎನ್ನುವ ಕಿರಿಕಿರಿ. ಸೂಜಿ ಒರೆಸಿದೆ, ರೆಕಾರ್ಡು ತೊಳೆದೆ, ಏನೂ ಬದಲಾಗಲಿಲ್ಲ.

ತಪ್ಪು ಸೂಜಿಯದ್ದಲ್ಲ, ಜಾಗದ್ದು. ರೆಕಾರ್ಡು ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಅಂದರೆ ಸುತ್ತಿಗೆ 1.8 ಸೆಕೆಂಡು. ಹೊರ ಅಂಚಿನಲ್ಲಿ ಆ ಸಮಯದಲ್ಲಿ ಸೂಜಿ ಸುಮಾರು 90 ಸೆಂ.ಮೀ. ಗೀರು ದಾಟುತ್ತದೆ. ನಡುವಿನ ಲೇಬಲ್ ಹತ್ತಿರ ಬಂದಾಗ ಅದರ ಅರ್ಧವೂ ಇರುವುದಿಲ್ಲ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ಒತ್ತಿ ತುಂಬಿಸಬೇಕು. ಸೂಕ್ಷ್ಮವಾದ ಸದ್ದುಗಳು ಮೊದಲು ಕೆಡುವುದು ಅಲ್ಲೇ. ನನ್ನ ಆಲ್ಬಮ್ಮಿನ ಎ ಸೈಡ್ ಬೇರೆ 24 ನಿಮಿಷ, ಗೀರುಗಳು ಒಳಗಿನವರೆಗೂ ಹೋಗಿವೆ. ಇಡೀ ಆಲ್ಬಮ್ಮಿನಲ್ಲಿ ಅತಿ ನಾಜೂಕಾದ ಹಾಡು ಹೋಗಿ ಕೂತಿರುವುದು ಅತಿ ಕೆಟ್ಟ ಜಾಗದಲ್ಲಿ.

ಆದರೂ ಎಲ್‌ಪಿ ನನಗೆ ಒಂದು ವಿಷಯ ತೋರಿಸಿಕೊಟ್ಟಿತು. ಐದನೆಯ ಹಾಡು ಮುಗಿಯುತ್ತದೆ. ಸೂಜಿ ಒಳಗಿನ ಖಾಲಿ ಗೀರಿನಲ್ಲಿ ಸುತ್ತುತ್ತಾ ಸುತ್ತಿಗೊಮ್ಮೆ ಟಿಕ್ ಎನ್ನುತ್ತದೆ. ಎದ್ದು ಹೋಗಬೇಕು, ತೋಳು ಎತ್ತಬೇಕು, ರೆಕಾರ್ಡು ಮಗುಚಬೇಕು. ಅರ್ಧ ನಿಮಿಷ ಮನೆಯೆಲ್ಲ ಸುಮ್ಮನಿರುತ್ತದೆ. ಆಮೇಲೆ ಆರನೆಯ ಹಾಡು ಎಲೆಕ್ಟ್ರಿಕ್ ಗಿಟಾರಿನ ಅಬ್ಬರದಲ್ಲಿ ಶುರುವಾಗುತ್ತದೆ. ಅದು ಹೊಸ ಬಾಗಿಲು ತೆರೆದ ಹಾಗಿದೆ. ಈ ಆಲ್ಬಂ ಮಾಡಿದವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದು ಹೀಗೆಯೇ ಎಂದು ಕೇಳಿದರೆ ಅನಿಸಿಬಿಡುತ್ತದೆ.

ಸಿಡಿಯಲ್ಲಿ ಆ ಅರ್ಧ ನಿಮಿಷ ಇಲ್ಲ. ಎರಡು ಸೆಕೆಂಡು ಬಿಟ್ಟು ಆರನೆಯ ಹಾಡು ಬಂದು ಅಪ್ಪಳಿಸುತ್ತದೆ. ಇಷ್ಟು ವರ್ಷ ಆ ಹಾಡು ನನಗೆ ಒರಟು ಅನಿಸುತ್ತಿದ್ದಿದ್ದು ಯಾಕೆ ಎಂದು ಈಗ ಗೊತ್ತಾಯಿತು. ಹಾಡು ಒರಟಲ್ಲ. ಮುಂಚಿನ ಹಾಡಿನ ಗುಂಗು ಇಳಿಯುವ ಮೊದಲೇ ಬಂದುಬಿಡುತ್ತದೆ, ಅಷ್ಟೆ.

ಸದ್ದಿಗೆ ಮಾತ್ರ ಸಿಡಿಯೇ ಸೈ. ಇದು ಒಳಗಿನಿಂದ ಹೊರಕ್ಕೆ ಓದಿಸಿಕೊಳ್ಳುತ್ತದೆ. ಓದುವ ವೇಗ ಎಲ್ಲೂ ಬದಲಾಗದ ಹಾಗೆ ಡಿಸ್ಕು ನಿಮಿಷಕ್ಕೆ ಸುಮಾರು 500 ಸುತ್ತಿನಿಂದ 200ರವರೆಗೆ ನಿಧಾನವಾಗುತ್ತಾ ಹೋಗುತ್ತದೆ. ಹಾಗಾಗಿ ಮೊದಲ ಹಾಡಿಗೂ ಕೊನೆಯದಕ್ಕೂ ಭೇದವಿಲ್ಲ. ಐದನೆಯ ಹಾಡಿನ ಎರಡನೆಯ ಚರಣಕ್ಕೆ ಮುಂಚೆ ಹಾಡುಗಾರ್ತಿ ಸಣ್ಣಗೆ ಉಸಿರೆಳೆದುಕೊಳ್ಳುತ್ತಾರೆ. ಗಿಟಾರಿನ ತಂತಿಯ ಮೇಲೆ ಬೆರಳು ಜಾರುವ ಕೀಚಲು ಸದ್ದು ಒಂದಿದೆ. ಕ್ಯಾಸೆಟ್‌ನಲ್ಲಿ ಎರಡೂ ಸುಯ್ ಸದ್ದಿನಲ್ಲಿ ಮುಚ್ಚಿಹೋಗಿದ್ದವು, ಎಲ್‌ಪಿಯಲ್ಲಿ ಕಿರಿಕಿರಿಯಲ್ಲಿ. ಆ ಉಸಿರು ಕೇಳಿಸಿದ ರಾತ್ರಿ ನಾನು ಆ ಹಾಡನ್ನು ಮೂರು ಸಲ ಹಾಕಿದೆ.

ಕೊನೆಯ ವಾರ ಆ್ಯಪ್. ರೀಮಾಸ್ಟರ್ ಮೊದಲ ಸಲ ಕೇಳಿದಾಗ ಎಲ್ಲಕ್ಕಿಂತ ಇದೇ ಚೆನ್ನ ಅನಿಸಿತು. ತುಂಬಿದ ಸದ್ದು, ಎಲ್ಲವೂ ಹತ್ತಿರ. ಆಮೇಲೆ ಸದ್ದು ಅಳೆಯುವ ಆ್ಯಪ್ ಒಂದನ್ನು ಹಾಕಿಕೊಂಡು ನೋಡಿದರೆ, ಸಿಡಿಗಿಂತ ಇದು ಸುಮಾರು 5 ಡೆಸಿಬಲ್ ಜಾಸ್ತಿ ಇತ್ತು. ಸ್ವಲ್ಪ ಜೋರಾಗಿದ್ದರೆ ಕಿವಿಗೆ ಅದೇ ಚೆನ್ನಾಗಿದೆ ಅನಿಸುತ್ತದೆ, ಎಲ್ಲರಿಗೂ ಹಾಗೇ ಅಲ್ವಾ? ವಾಲ್ಯೂಮ್ ಇಳಿಸಿ ಎರಡನ್ನೂ ಸಮ ಮಾಡಿದ ಮೇಲೆ ಬೇರೆಯೇ ಕೇಳಿಸಿತು. ಮೆಲ್ಲಗಿನ ದನಿಯನ್ನು ಎತ್ತಿದ್ದಾರೆ, ಡ್ರಮ್ಮನ್ನು ಅದುಮಿದ್ದಾರೆ. ಕೊನೆಯ ಅರ್ಧ ನಿಮಿಷಕ್ಕೆ ಡ್ರಮ್ ಬಂದಾಗ ಎದೆ ಝಲ್ಲೆನ್ನಬೇಕು. ಇಲ್ಲಿ ಬಂದಿದ್ದೇ ಗೊತ್ತಾಗಲಿಲ್ಲ.

ಇದರಲ್ಲಿ ಸ್ಟ್ರೀಮಿಂಗ್‌ನ ತಪ್ಪಿಲ್ಲ. ಅದೇ ಆ್ಯಪ್‌ನಲ್ಲಿ ಹುಡುಕಿದರೆ ಹಳೆಯ ಮಾಸ್ಟರ್, ಅಂದರೆ ಹೀಗೆ ತಿದ್ದುವ ಮುಂಚಿನದು, ಕೂಡ ಸಿಕ್ಕಿತು. ಅದನ್ನೂ ಸಿಡಿಯನ್ನೂ ಸಮ ಮಾಡಿ, ಕಣ್ಣು ಮುಚ್ಚಿ ಕೂತೆ. ತಂಗಿ ಹತ್ತು ಸಲ ಅದಲು ಬದಲು ಮಾಡಿ ಹಾಕಿದಳು. ಆರು ಸಲ ಸರಿಯಾಗಿ ಹೇಳಿದೆ. ಸುಮ್ನೆ ಊಹಿಸಿದರೂ ಐದು ಸರಿಯಾಗುತ್ತಿತ್ತು. ಅಂದರೆ ನನ್ನ ಕಿವಿಗೆ ಎರಡೂ ಒಂದೇ. ರೀಮಾಸ್ಟರ್ ಎಂಬ ಪದ ನೋಡಿ ಅದೇ ಒಳ್ಳೆಯದು ಅಂದುಕೊಳ್ಳಬೇಡಿ, ಹಳೆಯದನ್ನೂ ಹುಡುಕಿ ಕೇಳಿ.

ಆ್ಯಪ್‌ನಲ್ಲಿ ನನಗೆ ನಿಜಕ್ಕೂ ಬೇಜಾರಾಗಿದ್ದು ಬೇರೆ. ಹತ್ತನೆಯ ಹಾಡು ಮುಗಿದ ಕ್ಷಣ ಯಾರದೋ ಹಾಡು ತಾನಾಗಿಯೇ ಶುರುವಾಗುತ್ತದೆ. ಸಿನಿಮಾದಲ್ಲೂ ಇದೇ ಕಥೆ. ಕೊನೆಯ ದೃಶ್ಯದ ಭಾರ ಹೊತ್ತು ಕೂತಿರುತ್ತೇವೆ, ಹೆಸರುಗಳು ಮೇಲೆ ಹೋಗುತ್ತಿರುತ್ತವೆ. ಅಷ್ಟರಲ್ಲಿ ಪರದೆ ಮೂಲೆಗೆ ಸರಿದು ಮುಂದಿನ ಸಿನಿಮಾ ತೋರಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಟೋಪ್ಲೇ ಆಫ್ ಮಾಡಬಹುದು, ದಯವಿಟ್ಟು ಮಾಡಿ.

ಒಂದನ್ನೇ ಇಟ್ಟುಕೊಳ್ಳಬೇಕು ಎಂದರೆ ನಾನು ಸಿಡಿ ಇಟ್ಟುಕೊಳ್ಳುತ್ತೇನೆ. ಐದನೆಯ ಹಾಡು ಮುಗಿದ ತಕ್ಷಣ ಪಾಜ್ ಬಟನ್ ಒತ್ತಿ, ಎದ್ದು ಕೋಣೆಯಲ್ಲಿ ಒಂದು ಸುತ್ತು ಹಾಕಿ ಬಂದು ಮತ್ತೆ ಶುರು ಮಾಡುತ್ತೇನೆ. ಆರನೆಯ ಹಾಡು ಈಗ ನನಗೆ ತುಂಬಾ ಇಷ್ಟ.

ಭಾನುವಾರ ರಾತ್ರಿ ಮಾತ್ರ ಕ್ಯಾಸೆಟ್ ಹಾಕುತ್ತೇನೆ. ಆ ಹಾಡು ಕೊನೆಗೇ ಬರುತ್ತದೆ. ಡ್ರಮ್ ನಿಂತ ಮೇಲೆ ಟೇಪು ಇನ್ನೂ ಹತ್ತು ಸೆಕೆಂಡು ಸುಯ್ ಎಂದು ಓಡುತ್ತದೆ, ಆಮೇಲೆ ಪ್ಲೇ ಬಟನ್ ಟಕ್ ಎಂದು ಮೇಲೇಳುತ್ತದೆ.